ಬರಹವೇ ಪಾತ್ರವಾಗುವ ಬಗೆ: 'ಫ್ಲವರ್ಸ್ ಫಾರ್ ಆಲ್ಜರ್ನಾನ್' ಕಾದಂಬರಿಯ ಪಾತ್ರಗಳು ಮತ್ತು ಸಂಕೇತಗಳು

ಕೃತಕವಾಗಿ ಹೆಚ್ಚಿಸಿದ ಬುದ್ಧಿಶಕ್ತಿಯನ್ನು ವಸ್ತುವಾಗಿಸಿಕೊಂಡ ವೈಜ್ಞಾನಿಕ ಕಾದಂಬರಿಗಳಲ್ಲಿ ಅಮೆರಿಕದ ಲೇಖಕ ಡೇನಿಯಲ್ ಕೀಸ್ (1927–2014) ಅವರ 'ಫ್ಲವರ್ಸ್ ಫಾರ್ ಆಲ್ಜರ್ನಾನ್' ವಿಶಿಷ್ಟವಾದ ಸ್ಥಾನವನ್ನು ಪಡೆದಿದೆ. 1959ರಲ್ಲಿ ಸಣ್ಣಕತೆಯಾಗಿ ಪ್ರಕಟವಾದ ಈ ಕೃತಿಗೆ 1960ರಲ್ಲಿ ಹ್ಯೂಗೊ ಪ್ರಶಸ್ತಿ ದೊರೆಯಿತು. 1966ರಲ್ಲಿ ಅದು ಕಾದಂಬರಿಯಾಗಿ ವಿಸ್ತಾರಗೊಂಡು ಆ ವರ್ಷದ ನೆಬ್ಯುಲಾ ಪ್ರಶಸ್ತಿಯನ್ನು ಸ್ಯಾಮ್ಯುಯೆಲ್ ಡಿಲೇನಿ ಅವರ 'ಬೇಬಲ್-17'ರೊಂದಿಗೆ ಹಂಚಿಕೊಂಡಿತು. 1968ರಲ್ಲಿ 'ಚಾರ್ಲಿ' ಎಂಬ ಹೆಸರಿನಲ್ಲಿ ಚಲನಚಿತ್ರವೂ ಆಯಿತು.

ಈ ಕೃತಿಯನ್ನು ವಿಜ್ಞಾನದ ಅತಿರೇಕವನ್ನು ಕುರಿತ ಎಚ್ಚರಿಕೆಯ ಕತೆಯೆಂದು ಓದುವುದು ವಾಡಿಕೆ. ಆ ಓದು ತಪ್ಪಲ್ಲವಾದರೂ ಅಪೂರ್ಣವಾದುದು. ಬುದ್ಧಿಯನ್ನು ಹೆಚ್ಚಿಸಬಹುದೇ ಎಂಬ ಪ್ರಶ್ನೆಗಿಂತ, ಬುದ್ಧಿಯ ಪ್ರಮಾಣಕ್ಕೆ ಅನುಗುಣವಾಗಿ ಮನುಷ್ಯನಿಗೆ ಮನ್ನಣೆ ನೀಡುವ ಸಮಾಜದ ರೂಢಿಯನ್ನೇ ಕಾದಂಬರಿ ಮುಖ್ಯವಾಗಿ ಪರೀಕ್ಷೆಗೆ ಒಡ್ಡುತ್ತದೆ. ಈ ಪರೀಕ್ಷೆ ನಡೆಯುವುದು ಘಟನೆಗಳಲ್ಲಿ ಮಾತ್ರವಲ್ಲ, ನಾಯಕನ ಕಾಗುಣಿತದಲ್ಲಿಯೂ ಹೌದು. ಕಾದಂಬರಿಯ ಪಾತ್ರಗಳನ್ನೂ ಸಂಕೇತಗಳನ್ನೂ ಈ ನೆಲೆಯಿಂದ ಪರಿಶೀಲಿಸಿ, ಇಂತಹ ಬರಹವನ್ನು ಕನ್ನಡಕ್ಕೆ ತರುವಾಗ ಎದುರಾಗುವ ಪ್ರಶ್ನೆಯನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ರಚನೆಯ ಹಿನ್ನೆಲೆ

ಕೀಸ್ ಅವರು ನ್ಯೂಯಾರ್ಕ್ ನಗರದ ಶಾಲೆಯೊಂದರಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದರು. ಕಲಿಕೆಯಲ್ಲಿ ಹಿಂದುಳಿದವರೆಂದು ಬೇರ್ಪಡಿಸಿದ ಮಕ್ಕಳ ತರಗತಿಯಲ್ಲಿ ಒಬ್ಬ ಹುಡುಗ, ತಾನು ಕಷ್ಟಪಟ್ಟು ಓದಿ ಜಾಣನಾದರೆ ತನ್ನನ್ನು ಉಳಿದವರ ತರಗತಿಗೆ ಸೇರಿಸುವಿರಾ ಎಂದು ಕೇಳಿದ ಪ್ರಸಂಗವನ್ನು ಅವರು ತಮ್ಮ ನೆನಪುಗಳ ಗ್ರಂಥದಲ್ಲಿ ದಾಖಲಿಸಿದ್ದಾರೆ. ಕಾದಂಬರಿಯ ಬೀಜ ಇರುವುದು ಈ ಪ್ರಶ್ನೆಯಲ್ಲಿ. ಹುಡುಗನಿಗೆ ಬೇಕಾದುದು ಜಾಣತನವೆನ್ನುವುದಕ್ಕಿಂತ ಉಳಿದವರೊಡನೆ ಕೂರುವ ಅವಕಾಶ ಎಂಬುದು ಗಮನಾರ್ಹ.

ಸಣ್ಣಕತೆಯ ದುರಂತ ಮುಕ್ತಾಯವನ್ನು ಬದಲಿಸಿ ಸುಖಾಂತವಾಗಿಸಬೇಕೆಂಬ ಒತ್ತಾಯ ಪತ್ರಿಕಾ ಸಂಪಾದಕರೊಬ್ಬರಿಂದ ಬಂದಾಗ ಕೀಸ್ ಒಪ್ಪಲಿಲ್ಲ; ಕತೆಯನ್ನು ಬೇರೊಂದು ಪತ್ರಿಕೆಗೆ ಕೊಟ್ಟರು. ನಾಯಕನು ಜಾಣನಾಗಿಯೇ ಉಳಿದು ಮದುವೆಯಾಗಿ ಸುಖವಾಗಿದ್ದನೆಂದರೆ, ಜಾಣರಿಗೆ ಮಾತ್ರ ಬಾಳು ದಕ್ಕುತ್ತದೆ ಎಂಬ ನಂಬಿಕೆಯನ್ನೇ ಕೃತಿ ಎತ್ತಿಹಿಡಿದಂತಾಗುತ್ತಿತ್ತು. ಆದ್ದರಿಂದ ಮುಕ್ತಾಯವನ್ನು ಕುರಿತ ಈ ಹಟ ಕೃತಿಯ ತಾತ್ವಿಕತೆಗೆ ಸಂಬಂಧಿಸಿದುದಾಗಿದೆ.

ಕಾಲದ ಸಂದರ್ಭವನ್ನೂ ಇಲ್ಲಿ ಗಮನಿಸಬೇಕು. ನೆರವಿನ ಅಗತ್ಯವಿರುವ ಮಕ್ಕಳನ್ನು ಗುರುತಿಸಲೆಂದು 1905ರಲ್ಲಿ ಫ್ರಾನ್ಸಿನ ಆಲ್‌ಫ್ರೆಡ್ ಬಿನೆ ಮತ್ತು ಥಿಯೊಡೋರ್ ಸಿಮೋನ್ ರೂಪಿಸಿದ ಮಾಪನ, 1916ರಲ್ಲಿ ಲೂಯಿಸ್ ಟರ್ಮನ್ ಅವರ ಪರಿಷ್ಕರಣೆಯೊಂದಿಗೆ ಅಮೆರಿಕದಲ್ಲಿ ಜನರನ್ನು ವರ್ಗೀಕರಿಸುವ ಸಾಧನವಾಗಿ ಬೆಳೆಯಿತು. ಹೀಗೆ ವರ್ಗೀಕರಣಗೊಂಡವರಲ್ಲಿ ಅನೇಕರು ದೊಡ್ಡ ಸರ್ಕಾರಿ ಆಶ್ರಮಗಳಲ್ಲಿ ಬಾಳು ಕಳೆದರು. ಕಾದಂಬರಿ ಪ್ರಕಟವಾಗುವ ಹಿಂದಿನ ವರ್ಷ, 1965ರಲ್ಲಿ, ಸೆನೆಟರ್ ರಾಬರ್ಟ್ ಕೆನಡಿ ನ್ಯೂಯಾರ್ಕಿನ ವಿಲೋಬ್ರೂಕ್ ಆಶ್ರಮಕ್ಕೆ ಭೇಟಿಯಿತ್ತು ಅಲ್ಲಿನ ದುಃಸ್ಥಿತಿಯನ್ನು ಬಹಿರಂಗವಾಗಿ ಖಂಡಿಸಿದ್ದರು. ಕಾದಂಬರಿಯಲ್ಲಿ ಬರುವ ವಾರನ್ ಆಶ್ರಮ ಕಾಲ್ಪನಿಕವಾದರೂ ಅದರ ಹಿಂದಿನ ಭಯ ವಾಸ್ತವವಾದುದು.

2. ಕಥನದ ರೂಪ: ಪ್ರಗತಿ ವರದಿ

ಮೂವತ್ತೆರಡು ವರ್ಷದ ಚಾರ್ಲಿ ಗೋರ್ಡನ್ ಬೇಕರಿಯೊಂದರಲ್ಲಿ ಗುಡಿಸಿ ಒರೆಸುವ ಕೆಲಸದವನು. ಅವನ ಬುದ್ಧಿಸೂಚ್ಯಂಕ 68. ಓದು ಕಲಿಯಬೇಕೆಂಬ ತೀವ್ರ ಹಂಬಲದಿಂದ ಅವನು ವಯಸ್ಕರ ತರಗತಿಗೆ ಹೋಗುತ್ತಿರುತ್ತಾನೆ. ಮೆದುಳಿನ ಶಸ್ತ್ರಚಿಕಿತ್ಸೆಗೆ ಅವನನ್ನು ಆರಿಸಿಕೊಂಡ ವಿಜ್ಞಾನಿಗಳು, ಅನುಭವಗಳನ್ನೆಲ್ಲ ಬರೆದಿಡುವಂತೆ ಹೇಳುತ್ತಾರೆ. ಮಾರ್ಚ್ 3ರಿಂದ ನವೆಂಬರ್ 21ರವರೆಗಿನ ಹದಿನೇಳು ಪ್ರಗತಿ ವರದಿಗಳೇ ಇಡೀ ಕಾದಂಬರಿ. ಇವುಗಳ ಹೊರಗೆ ನಿಂತು ಮಾತನಾಡುವ ನಿರೂಪಕನಿಲ್ಲ.

ಮೊದಲ ವರದಿಯ ತಲೆಬರಹದಲ್ಲಿಯೇ ಕಾಗುಣಿತ ತಪ್ಪಿದೆ. ರೋರ್ಷಾಕ್ ಎಂಬ ಮಸಿಕಲೆ ಪರೀಕ್ಷೆಯ ಹೆಸರನ್ನು ಚಾರ್ಲಿ ಕಿವಿಗೆ ಬಿದ್ದಂತೆ ಒಡೆದು ಬರೆಯುತ್ತಾನೆ. ಹಾಗೆ ಒಡೆದಾಗ ಇಂಗ್ಲಿಷಿನಲ್ಲಿ 'ಹಸಿ ಆಘಾತ' ಎಂಬರ್ಥದ ಎರಡು ಪದಗಳು ಹುಟ್ಟುತ್ತವೆ. ಓದುಗನಿಗೆ ನಗು ಬರುತ್ತದೆ. ಆದರೆ ಆ ಹೆಸರಿಗಿಂತ ಈ ತಪ್ಪೇ ಅವನ ಅನುಭವಕ್ಕೆ ಹತ್ತಿರವಾಗಿದೆ. ಶಸ್ತ್ರಚಿಕಿತ್ಸೆಯ ಬಳಿಕ ಕಾಗುಣಿತ ಕ್ರಮೇಣ ತಿದ್ದಿಕೊಳ್ಳುತ್ತದೆ. ಅಲ್ಪವಿರಾಮವನ್ನು ಕಲಿತ ದಿನ ಅದನ್ನು ಕಂಡಕಂಡಲ್ಲಿ ಬಳಸುತ್ತಾನೆ. ಅನಂತರ ವಾಕ್ಯಗಳು ನೀಳವಾಗುತ್ತವೆ, ಅಮೂರ್ತ ಪದಗಳು ತುಂಬಿಕೊಳ್ಳುತ್ತವೆ. ಸೂಚ್ಯಂಕ 185ಕ್ಕೆ ಏರಿದ ಹಂತದಲ್ಲಿ ಬರಹ ಪಾಂಡಿತ್ಯಪೂರ್ಣವಾಗಿರುತ್ತದೆ, ಜೊತೆಗೆ ಒಂದು ಬಗೆಯ ಶುಷ್ಕತೆಯನ್ನೂ ಪಡೆದಿರುತ್ತದೆ. ಕೊನೆಯ ವರದಿಗಳಲ್ಲಿ ಹಳೆಯ ತಪ್ಪುಗಳು ಒಂದೊಂದಾಗಿ ಮರಳುತ್ತವೆ.

ಈ ತಂತ್ರದ ಮಹತ್ವ ಪಾತ್ರದ ಸ್ಥಿತಿಯನ್ನು ತೋರಿಸುವುದಷ್ಟೇ ಅಲ್ಲ. ಆರಂಭದ ವರದಿಗಳನ್ನು ಓದುವಾಗ ಚಾರ್ಲಿಗಿಂತ ಹೆಚ್ಚು ತಿಳಿದವನು ಓದುಗ. ಬೇಕರಿಯ ಗೆಳೆಯರು ತನ್ನನ್ನು ಪ್ರೀತಿಸುತ್ತಾರೆಂದು ಚಾರ್ಲಿ ಬರೆದಾಗ, ಅವರು ಗೇಲಿ ಮಾಡುತ್ತಿದ್ದಾರೆಂಬುದು ಓದುಗನಿಗೆ ತಿಳಿದಿರುತ್ತದೆ. ನಡುವಿನ ಭಾಗದಲ್ಲಿ ಈ ಸ್ಥಾನ ತಿರುವುಮುರುವಾಗಿ, ಚಾರ್ಲಿಯ ಪಾಂಡಿತ್ಯದ ಮುಂದೆ ಸಾಮಾನ್ಯ ಓದುಗ ಹಿಂದೆ ಬೀಳುತ್ತಾನೆ. ಕೊನೆಯಲ್ಲಿ ಅದೇ ತಪ್ಪು ಕಾಗುಣಿತ ಮರಳಿದಾಗ ನಗು ಬರುವುದಿಲ್ಲ. ಅಕ್ಷರಗಳು ಮೊದಲಿನಂಥವೇ, ಬದಲಾದವನು ಓದುಗ. ಈ ದೃಷ್ಟಿಯಿಂದ ಓದುಗನನ್ನೂ ಕಾದಂಬರಿಯ ಒಂದು ಪಾತ್ರವೆಂದು ಪರಿಗಣಿಸಬೇಕಾಗುತ್ತದೆ.

3. ಪಾತ್ರಗಳು

*ಇಬ್ಬರು ಚಾರ್ಲಿಯರು:* ಬುದ್ಧಿ ಬೆಳೆದ ಮೇಲೆ ಚಾರ್ಲಿ ತನ್ನ ಬಾಲ್ಯವನ್ನು ಮೂರನೆಯವನ ಕತೆಯೆಂಬಂತೆ ನೆನೆಯುತ್ತಾನೆ. ಹಳೆಯ ಚಾರ್ಲಿ ಅವನೊಳಗೆ ಬೇರೆ ವ್ಯಕ್ತಿಯಾಗಿ ನಿಂತು ನೋಡುತ್ತಿರುತ್ತಾನೆ. ಆಲಿಸ್‌ಳೊಡನೆ ಆತ್ಮೀಯನಾಗಲು ಹೊರಟಾಗಲೆಲ್ಲ ಈ ನೋಟ ತಡೆಯೊಡ್ಡುತ್ತದೆ. ಹಳೆಯವನನ್ನು ಅಳಿಸಿ ಹೊಸಬನನ್ನು ಸೃಷ್ಟಿಸಿದೆವೆಂಬ ವಿಜ್ಞಾನಿಗಳ ಹೆಮ್ಮೆಗೆ ಕಾದಂಬರಿ ನೀಡುವ ಉತ್ತರ ಇದು.

*ವಿಜ್ಞಾನಿಗಳು:* ಪ್ರೊಫೆಸರ್ ನೀಮರ್ ಕೀರ್ತಿಗಾಗಿ ಆತುರಪಡುವವರು. ಮನೋವೈದ್ಯ ಸ್ಟ್ರಾಸ್ ಹೆಚ್ಚು ಮಾನವೀಯರು. ಚಾರ್ಲಿಯ ಬುದ್ಧಿ ಬೆಳೆದಂತೆ, ದೇವತೆಗಳಂತೆ ಕಂಡಿದ್ದ ಇವರು ಸಾಮಾನ್ಯ ಮನುಷ್ಯರಾಗಿ ಕಾಣತೊಡಗುತ್ತಾರೆ. ಶಿಕಾಗೊ ಸಮ್ಮೇಳನದಲ್ಲಿ ತಾನು ಪ್ರದರ್ಶನದ ವಸ್ತುವಾಗಿ ಕುಳಿತಿರುವಾಗ, ಶಸ್ತ್ರಚಿಕಿತ್ಸೆಗೆ ಮೊದಲು ತಾನು ವ್ಯಕ್ತಿಯೇ ಆಗಿರಲಿಲ್ಲವೆಂಬ ಧ್ವನಿ ಅವರ ಮಾತಿನಲ್ಲಿರುವುದನ್ನು ಚಾರ್ಲಿ ಗುರುತಿಸುತ್ತಾನೆ. ಕಾದಂಬರಿಯ ತಾತ್ವಿಕ ಸಂಘರ್ಷದ ಕೇಂದ್ರವಿದು. ಆದರೆ ಮುಂದೆ ಔತಣಕೂಟವೊಂದರಲ್ಲಿ ನೀಮರ್ ಅವರೊಡನೆ ಜಗಳವಾಡುವಾಗ, ತಾನೂ ಅಹಂಕಾರಿಯಾಗಿರುವುದು ಚಾರ್ಲಿಗೆ ಅರಿವಾಗುತ್ತದೆ. ಪ್ರೀತಿಯನ್ನು ಹೊರಗಿಟ್ಟ ಬುದ್ಧಿ ಮನುಷ್ಯನನ್ನು ಒಡೆಯುತ್ತದೆಂಬ ನಿಲುವಿಗೆ ಅವನು ಬರುವುದು ಇಲ್ಲಿಯೇ.

*ಬೇಕರಿಯವರು:* ಜೋ ಕಾರ್ಪ್, ಫ್ರ್ಯಾಂಕ್ ರೈಲಿ, ಗಿಂಪಿ ಮೊದಲಾದವರು ಚಾರ್ಲಿಯನ್ನು ನಗೆಪಾಟಲು ಮಾಡುತ್ತಿದ್ದವರು. ಕಾಲು ಊನವಾದ ಗಿಂಪಿಗೆ ಬಂದಿರುವ ಹೆಸರೇ ಅವನ ಊನವನ್ನು ಸೂಚಿಸುವಂಥದು. ಹೀಗೆ ಗೇಲಿಗೆ ಈಡಾದವನೇ ತನಗಿಂತ ಕೆಳಗಿನವನನ್ನು ಗೇಲಿ ಮಾಡುವ ಶ್ರೇಣಿಯೊಂದು ಬೇಕರಿಯಲ್ಲಿದೆ. ಚಾರ್ಲಿ ಜಾಣನಾದಾಗ ಇವರು ಅಂಜಿ, ಅವನನ್ನು ಕೆಲಸದಿಂದ ತೆಗೆಸುತ್ತಾರೆ. ಅವನು ಮತ್ತೆ ಮೊದಲಿನಂತಾಗಿ ಮರಳಿದಾಗ, ಹೊಸ ಕೆಲಸಗಾರನೊಬ್ಬ ಹಿಂಸಿಸಿದರೆ ಅವನ ಪರವಾಗಿ ನಿಲ್ಲುವವರೂ ಇವರೇ. ಕಾದಂಬರಿಯಲ್ಲಿ ನಿಜವಾಗಿ ಬೆಳೆದವರು ಇವರೆನ್ನಬಹುದು. ಅದಕ್ಕೆ ಯಾವ ಶಸ್ತ್ರಚಿಕಿತ್ಸೆಯೂ ಬೇಕಾಗಲಿಲ್ಲ.

*ಕುಟುಂಬ:* ತಾಯಿ ರೋಸ್ ಮೊದಲು ಮಗನ ಸ್ಥಿತಿಯನ್ನು ಒಪ್ಪದೆ ವೈದ್ಯರಿಂದ ವೈದ್ಯರಿಗೆ ಅಲೆಯುತ್ತಾಳೆ. ಮಗಳು ನಾರ್ಮಾ ಹುಟ್ಟಿದ ಮೇಲೆ ಅದೇ ಆವೇಶದಿಂದ ಅವನನ್ನು ಮನೆಯಿಂದ ಹೊರಹಾಕಲು ನಿಲ್ಲುತ್ತಾಳೆ. ಈ ಎರಡು ವರ್ತನೆಗಳೂ ನೆರೆಹೊರೆಯವರು ಏನೆನ್ನುವರೋ ಎಂಬ ಒಂದೇ ಭಯದಿಂದ ಹುಟ್ಟಿದವು. ತಂದೆ ಮ್ಯಾಟ್ ಕರುಣಾಳು, ಆದರೆ ದುರ್ಬಲ. ಜಾಣನಾದ ಚಾರ್ಲಿ ತಂದೆಯ ಕ್ಷೌರದಂಗಡಿಗೆ ಹೋಗಿ ಕೂದಲು ಕತ್ತರಿಸಿಕೊಂಡರೂ ತಂದೆಗೆ ಗುರುತು ಸಿಗುವುದಿಲ್ಲ. ಮಗನ ತಲೆಯ ಮೇಲೆ ಕೈಯಿದ್ದೂ ಮಗನನ್ನು ಅರಿಯದ ಈ ದೃಶ್ಯ, ಬುದ್ಧಿ ದೊರೆತರೂ ಗುರುತು ದೊರೆಯಲಿಲ್ಲವೆಂಬುದನ್ನು ಹೇಳುತ್ತದೆ.

*ಆಲಿಸ್ ಮತ್ತು ಫೇ:* ಅಧ್ಯಾಪಕಿ ಆಲಿಸ್ ಕಿನ್ನಿಯನ್ ಚಾರ್ಲಿಯನ್ನು ಮೂರೂ ಅವಸ್ಥೆಗಳಲ್ಲಿ ವ್ಯಕ್ತಿಯಾಗಿ ಕಂಡವಳು. ನೆರೆಯ ಚಿತ್ರಕಾರ್ತಿ ಫೇ ಲಿಲ್ಮನ್ ಅವನ ಪೂರ್ವವೃತ್ತಾಂತ ತಿಳಿಯದೆಯೇ ಅವನನ್ನು ಒಪ್ಪಿಕೊಂಡವಳು. ಒಬ್ಬಳನ್ನು ಆದರ್ಶದ, ಮತ್ತೊಬ್ಬಳನ್ನು ಸ್ವಚ್ಛಂದತೆಯ ಪ್ರತಿನಿಧಿಯಾಗಿಸಿರುವುದರಿಂದ ಇಬ್ಬರಿಗೂ ಸ್ವತಂತ್ರ ಬದುಕು ದೊರೆತಿಲ್ಲ. ವ್ಯಕ್ತಿಯನ್ನು ವಸ್ತುವಾಗಿ ಕಾಣಬಾರದೆನ್ನುವ ಕಾದಂಬರಿ ತನ್ನ ಸ್ತ್ರೀಪಾತ್ರಗಳ ವಿಷಯದಲ್ಲಿ ಅದೇ ಎಚ್ಚರವನ್ನು ತೋರಿಲ್ಲವೆಂಬುದು ಅದರ ಮಿತಿ.

4. ಸಂಕೇತಗಳು

*ಇಲಿ ಮತ್ತು ಜಟಿಲಮಾರ್ಗ:* ಅದೇ ಶಸ್ತ್ರಚಿಕಿತ್ಸೆಗೆ ಮೊದಲೇ ಒಳಗಾದ ಬಿಳಿ ಇಲಿ ಆಲ್ಜರ್ನಾನ್. ಆರಂಭದಲ್ಲಿ ಜಟಿಲಮಾರ್ಗದ ಪಂದ್ಯದಲ್ಲಿ ಚಾರ್ಲಿ ಈ ಇಲಿಗೆ ಸೋಲುತ್ತಾನೆ, ಅನಂತರ ಗೆಲ್ಲುತ್ತಾನೆ. ಆದರೆ ಜಟಿಲಮಾರ್ಗವನ್ನು ರಚಿಸಿದವರು ಬೇರೆಯವರು ಎಂಬ ಅರಿವು ಇಬ್ಬರನ್ನೂ ಒಂದೇ ನೆಲೆಗೆ ತರುತ್ತದೆ. ಸಮ್ಮೇಳನದಿಂದ ಚಾರ್ಲಿ ಆಲ್ಜರ್ನಾನ್‌ನೊಡನೆ ಓಡಿಹೋಗುವುದು ಪ್ರಯೋಗವಸ್ತುಗಳಿಬ್ಬರ ಬಿಡುಗಡೆಯಾಗಿದೆ. ಇಲಿಯ ಅವನತಿಯಲ್ಲಿ ಚಾರ್ಲಿ ತನ್ನ ಭವಿಷ್ಯವನ್ನು ಓದುತ್ತಾನೆ. ಕೃತಕವಾಗಿ ಹೆಚ್ಚಿಸಿದ ಬುದ್ಧಿ, ಹೆಚ್ಚಳದ ಪ್ರಮಾಣಕ್ಕೆ ಅನುಗುಣವಾದ ವೇಗದಲ್ಲಿ ಕ್ಷೀಣಿಸುತ್ತದೆಂಬ ಸೂತ್ರವನ್ನು ತನ್ನದೇ ಸಂಶೋಧನೆಯಿಂದ ಸಾಧಿಸಿ, ಅದಕ್ಕೆ ಇಲಿಯ ಹೆಸರನ್ನು ತನ್ನ ಹೆಸರಿನೊಡನೆ ಸೇರಿಸಿ ಇಡುತ್ತಾನೆ.

*ಕಿಟಕಿ ಮತ್ತು ಕನ್ನಡಿ:* ಬಾಲಕ ಚಾರ್ಲಿ ಬೇರೆ ಮಕ್ಕಳ ಆಟವನ್ನು ಕಿಟಕಿಯ ಗಾಜಿನ ಹಿಂದಿನಿಂದ ನೋಡುತ್ತಿದ್ದವನು. ಮುಂದೆ ಅದೇ ಬಾಲಕ ಕಿಟಕಿಯ ಆಚೆಯಿಂದ ತನ್ನನ್ನೇ ನೋಡುತ್ತಿರುವಂತೆ ಭಾಸವಾಗುತ್ತದೆ. ಸಮಾಜದ ಒಳಗು ಹೊರಗುಗಳ ನಡುವಿನ ಗಡಿಯಾದ ಈ ಗಾಜನ್ನು ಬುದ್ಧಿ ದಾಟಿಸಲಿಲ್ಲ. ಅವನು ನಿಂತ ಬದಿಯನ್ನು ಮಾತ್ರ ಬದಲಿಸಿತು. ಅಂಜಿಕೆಯಿಲ್ಲದೆ ಕಿಟಕಿಯ ಮೂಲಕವೇ ಒಳಬರುವ ಪಾತ್ರ ಫೇ ಒಬ್ಬಳೇ. ಕನ್ನಡಿಯಲ್ಲಿ ಹಳೆಯ ಚಾರ್ಲಿ ಎದುರಾಗುವ ದೃಶ್ಯದಲ್ಲಿ ಈ ಗಡಿ ವ್ಯಕ್ತಿಯ ಒಳಕ್ಕೇ ಸರಿಯುತ್ತದೆ.

*ಜ್ಞಾನವೃಕ್ಷ ಮತ್ತು ಗುಹೆ:* ಬೇಕರಿಯ ಫ್ಯಾನಿ ಬರ್ಡನ್ ಎಂಬ ಧರ್ಮನಿಷ್ಠ ಹೆಂಗಸು, ಆದಾಮ ಮತ್ತು ಈವ್ ಜ್ಞಾನವೃಕ್ಷದ ಹಣ್ಣು ತಿಂದದ್ದೇ ಪಾಪವೆಂದು ಚಾರ್ಲಿಯನ್ನು ಎಚ್ಚರಿಸುತ್ತಾಳೆ. ಅವನತಿಯ ದಿನಗಳಲ್ಲಿ ಮಿಲ್ಟನ್ನನ 'ಪ್ಯಾರಡೈಸ್ ಲಾಸ್ಟ್' ಅವನಿಗೆ ಅರ್ಥವಾಗದೆ ಹೋಗುತ್ತದೆ. ಇವುಗಳಿಂದ, ಜ್ಞಾನ ಪಡೆದುದಕ್ಕೆ ಚಾರ್ಲಿಗೆ ಶಿಕ್ಷೆಯಾಯಿತೆಂದು ಕೃತಿ ಸೂಚಿಸುತ್ತದೆ ಎಂದು ವಾದಿಸಬಹುದು. ಆದರೆ ಕೊನೆಯ ವರದಿಯಲ್ಲಿ ಚಾರ್ಲಿ ಪಶ್ಚಾತ್ತಾಪ ಪಡುವುದಿಲ್ಲ. ತನಗೊಂದು ಕುಟುಂಬವಿತ್ತೆಂದು ತಿಳಿದುದಕ್ಕೂ ಲೋಕದ ಎಷ್ಟೋ ಸಂಗತಿಗಳನ್ನು ಕಲಿತುದಕ್ಕೂ ಅವನಿಗೆ ಸಂತೋಷವಿದೆ. ಮತ್ತೆ ಕಲಿಯುವ ಆಸೆಯೂ ಇದೆ. ಆದ್ದರಿಂದ ಫ್ಯಾನಿಯ ನಿಲುವು ಕಾದಂಬರಿಯ ನಿಲುವಲ್ಲ.

ಇದಕ್ಕಿಂತ ಮುಖ್ಯವಾದುದು ಕಾದಂಬರಿಯ ಆರಂಭದಲ್ಲಿ ಕೀಸ್ ಬಳಸಿರುವ ಪ್ಲೇಟೊವಿನ ಗುಹೆಯ ಪ್ರಸಂಗ. ಕಣ್ಣು ಎರಡು ಕಾರಣಗಳಿಂದ ಮಂಕಾಗುತ್ತದೆ: ಕತ್ತಲೆಯಿಂದ ಬೆಳಕಿಗೆ ಬಂದಾಗ, ಬೆಳಕಿನಿಂದ ಕತ್ತಲೆಗೆ ಹೋದಾಗ. ಇದನ್ನು ತಿಳಿದವನು ಮಂಕಾದ ಕಣ್ಣಿನವನನ್ನು ಕಂಡು ಸುಲಭವಾಗಿ ನಗಲಾರನೆಂಬುದು ಅದರ ತಾತ್ಪರ್ಯ. ಚಾರ್ಲಿಯ ಏರಿಕೆ ಇಳಿಕೆಗಳೆರಡನ್ನೂ ಇದು ಒಳಗೊಳ್ಳುತ್ತದೆಯಲ್ಲದೆ, ನಗುವನ್ನು ಕುರಿತ ನೈತಿಕ ಪ್ರಶ್ನೆಯನ್ನು ಮೊದಲೇ ಮುಂದಿಡುತ್ತದೆ. ಉಪಾಹಾರ ಗೃಹದ ಪ್ರಸಂಗದಲ್ಲಿ, ಪಾತ್ರೆ ತೊಳೆಯುವ ಮಂದಬುದ್ಧಿಯ ಹುಡುಗ ತಟ್ಟೆಗಳನ್ನು ಬೀಳಿಸಿದಾಗ ಗಿರಾಕಿಗಳೊಡನೆ ಚಾರ್ಲಿಯೂ ನಗುತ್ತಾನೆ. ಮರುಕ್ಷಣ ತಾನು ಯಾರನ್ನು ನೋಡಿ ನಕ್ಕೆನೆಂದು ಹೊಳೆದು ಸಿಡಿದೇಳುತ್ತಾನೆ. ಮೊದಲ ವರದಿಗಳನ್ನು ಓದಿ ನಕ್ಕ ಓದುಗನ ಸ್ಥಿತಿಯೂ ಇದೇ.

*ಹೂವು:* ಕೊನೆಯಲ್ಲಿ ಚಾರ್ಲಿ ಕೇಳಿಕೊಳ್ಳುವುದು ತನಗಾಗಿ ಅಲ್ಲ, ಹಿತ್ತಲಲ್ಲಿ ಹೂತ ಆಲ್ಜರ್ನಾನ್‌ನ ಸಮಾಧಿಗೆ ಹೂವಿಡಬೇಕೆಂದು. ಪಾಂಡಿತ್ಯ ಇನ್ನೂ ಉಳಿದಿದ್ದಾಗ ಅವನೇ ಆ ಇಲಿಯನ್ನು ಹೂತು ಹೂವಿಟ್ಟಿದ್ದ. ಪಾಂಡಿತ್ಯವೆಲ್ಲ ಕಳಚಿಹೋದ ಮೇಲೂ ಉಳಿದುದು ಈ ಕಾಳಜಿ. ಅದು ಸೂಚ್ಯಂಕ 68ರಿಂದ 185ಕ್ಕೆ ಏರಿದಾಗ ಹುಟ್ಟಿದುದಲ್ಲ, ಇಳಿದಾಗ ಅಳಿದುದೂ ಅಲ್ಲ. ಶೀರ್ಷಿಕೆ ಇದನ್ನೇ ಎತ್ತಿಕೊಂಡಿರುವುದು ಅರ್ಥಪೂರ್ಣವಾಗಿದೆ.

5. ಕನ್ನಡದಲ್ಲಿ ಓದುವಾಗ

ಮೇಲಿನ ವಿಶ್ಲೇಷಣೆ ಸರಿಯಾದರೆ, ಕಾಗುಣಿತವೇ ಈ ಕಾದಂಬರಿಯ ಪ್ರಧಾನ ಸಂಕೇತ. ಹಾಗಾದರೆ ಚಾರ್ಲಿಯ ತಪ್ಪುಗಳನ್ನು ಕನ್ನಡದಲ್ಲಿ ಬರೆಯುವುದು ಹೇಗೆ? ಇಂಗ್ಲಿಷಿನಲ್ಲಿ ಉಚ್ಚಾರಣೆಗೂ ಬರಹಕ್ಕೂ ದೂರವಿರುವುದರಿಂದ, ಕೇಳಿದಂತೆ ಬರೆದರೆ ತಪ್ಪಾಗುತ್ತದೆ. ಕನ್ನಡದಲ್ಲಿ ಕೇಳಿದಂತೆ ಬರೆದರೆ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆಗ ಅನುವಾದಕನ ಕೈಗೆ ಸುಲಭವಾಗಿ ಸಿಗುವ ಗುರುತುಗಳು 'ಹಾಲು' ಎನ್ನುವಲ್ಲಿ 'ಆಲು', 'ಶಾಲೆ' ಎನ್ನುವಲ್ಲಿ 'ಸಾಲೆ', ಮಹಾಪ್ರಾಣದ ಎಡೆಯಲ್ಲಿ ಅಲ್ಪಪ್ರಾಣ. ಇಂತಹ ರೂಪಗಳು ಬುದ್ಧಿಯ ಕೊರತೆಯಿಂದ ಹುಟ್ಟಿದವಲ್ಲ. ಅಕ್ಷರದಿಂದ ದೂರವಿಡಲಾದ ಸಮುದಾಯಗಳೂ ಸೇರಿದಂತೆ ಅನೇಕರ ಸಹಜವಾದ ಆಡುಮಾತು. ದೇವನೂರ ಮಹಾದೇವ ಅವರ 'ಕುಸುಮಬಾಲೆ' (1984) ಇಂತಹ ಆಡುಮಾತಿನಲ್ಲಿಯೇ ಶ್ರೇಷ್ಠ ಗದ್ಯವನ್ನು ಕಟ್ಟಿದೆ. ಆ ಮೇಲೆಯೂ ಅದನ್ನು ಮಂದಬುದ್ಧಿಯ ಗುರುತಾಗಿ ಬಳಸಿದರೆ, ಬೇಕರಿಯವರ ನಗುವನ್ನು ಅನುವಾದಕನೇ ನಕ್ಕಂತಾಗುತ್ತದೆ. ಗೇಲಿಯನ್ನು ಪ್ರಶ್ನಿಸುವ ಕೃತಿ ಅನುವಾದದಲ್ಲಿ ಗೇಲಿಯ ಸಾಧನವಾಗುವ ಅಪಾಯವಿದು.

ಪರ್ಯಾಯ ಮಾರ್ಗ ಇಲ್ಲದಿಲ್ಲ. ಒತ್ತಕ್ಷರ ಬಿಡುವುದು, ಹ್ರಸ್ವ ದೀರ್ಘಗಳು ಅದಲುಬದಲಾಗುವುದು, ಸೊನ್ನೆ ಮರೆಯುವುದು, ಪದಗಳ ನಡುವೆ ಎಡೆ ಬಿಡದಿರುವುದು ಇವು ಯಾವುದೇ ಪ್ರದೇಶದ, ಯಾವುದೇ ಜಾತಿಯ ಮಗು ಸ್ಲೇಟಿನ ಮೇಲೆ ಅಕ್ಷರ ಕಲಿಯುವಾಗ ಮಾಡುವ ತಪ್ಪುಗಳು. ಇವು ಕೈಬರಹಕ್ಕೆ ಸೇರಿದವು, ಮಾತಿಗೆ ಸೇರಿದವಲ್ಲ. ಚಾರ್ಲಿಯೂ ಕಲಿಯುವವನೇ ಆದ್ದರಿಂದ ಇವು ಅವನಿಗೆ ಹೊಂದುತ್ತವೆ. ಲೇಖನಚಿಹ್ನೆಗಳು ಕನ್ನಡದಲ್ಲಿ ಮುದ್ರಣದೊಂದಿಗೆ ನೆಲೆಗೊಂಡವಾದ್ದರಿಂದ ಅಲ್ಪವಿರಾಮದ ಪ್ರಸಂಗವನ್ನೂ ಸಹಜವಾಗಿಯೇ ತರಬಹುದು.

ಇನ್ನೊಂದು ಪ್ರಶ್ನೆ 'ಬುದ್ಧಿ' ಎಂಬ ಪದಕ್ಕೆ ಸಂಬಂಧಿಸಿದುದು. ಕನ್ನಡದಲ್ಲಿ 'ಬುದ್ಧಿವಂತ' ಎಂಬಲ್ಲಿ ಅದು ಗ್ರಹಣಶಕ್ತಿ. 'ಬುದ್ಧಿ ಹೇಳುವುದು' ಎಂಬಲ್ಲಿ ವಿವೇಕ. ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಆಳುಮಕ್ಕಳು ಒಡೆಯರನ್ನು 'ಬುದ್ಧೀ' ಎಂದೇ ಕರೆಯುತ್ತಿದ್ದರು. ಅಲ್ಲಿ ಅದು ಅಧಿಕಾರದ ಹೆಸರು. ಇಂಗ್ಲಿಷಿನ ಮಾಪನದ ಪದದಲ್ಲಿ ಇಲ್ಲದ ಈ ಮೂರು ಅರ್ಥಗಳ ನಡುವಿನ ಬಿರುಕೇ ಕಾದಂಬರಿಯ ವಸ್ತು. ನೀಮರ್ ಅವರಲ್ಲಿ ಮೊದಲನೆಯದೂ ಮೂರನೆಯದೂ ಇವೆ. ಎರಡನೆಯದು ಬೇಕರಿಯಲ್ಲಿಯೂ ಕಾಣಸಿಗುತ್ತದೆ. ಕನ್ನಡದ ಓದು ಈ ಕೃತಿಗೆ ಸೇರಿಸಬಲ್ಲ ಒಳನೋಟವಿದು.

ಪರಿಭಾಷೆಯ ವಿಷಯದಲ್ಲಿಯೂ ಎಚ್ಚರ ಅಗತ್ಯ. ಭಾರತದ 1995ರ ಅಂಗವಿಕಲರ ಕಾಯಿದೆ ಬಳಸಿದ್ದ 'ಮೆಂಟಲ್ ರಿಟಾರ್ಡೇಶನ್' ಎಂಬ ಪದವನ್ನು 2016ರ ಕಾಯಿದೆ ಕೈಬಿಟ್ಟು 'ಇಂಟಲೆಕ್ಚುಯಲ್ ಡಿಸೆಬಿಲಿಟಿ' ಎಂಬುದನ್ನು ಸ್ವೀಕರಿಸಿತು. ಅಮೆರಿಕದ ಒಕ್ಕೂಟ ಕಾನೂನು 2010ರಲ್ಲಿಯೇ ಇಂತಹ ಬದಲಾವಣೆ ಮಾಡಿತ್ತು. ಆದರೂ ಅನುವಾದದಲ್ಲಿ 1960ರ ದಶಕದ ಪಾತ್ರಗಳ ಬಾಯಿಯ ಒರಟು ಮಾತನ್ನು ಮೃದುಗೊಳಿಸುವುದು ಸರಿಯಲ್ಲ. ಆ ಒರಟುತನವೂ ಕೃತಿಯ ಸಾಕ್ಷ್ಯವೇ ಆಗಿದೆ. ವಿಮರ್ಶಕನ ಭಾಷೆ ಮಾತ್ರ ಅದರಿಂದ ದೂರವಿರಬೇಕು.

ಸಮಾರೋಪ

'ಫ್ಲವರ್ಸ್ ಫಾರ್ ಆಲ್ಜರ್ನಾನ್' ಬುದ್ಧಿಯನ್ನು ತಿರಸ್ಕರಿಸುವ ಕೃತಿಯಲ್ಲ, ಮುಗ್ಧತೆಯನ್ನು ವೈಭವೀಕರಿಸುವ ಕೃತಿಯೂ ಅಲ್ಲ. ಚಾರ್ಲಿಯ ಕಲಿಯುವ ಹಂಬಲವನ್ನು ಅದು ಕೊನೆಯವರೆಗೂ ಗೌರವಿಸುತ್ತದೆ. ಆದರೆ ಆ ಕಲಿಕೆಯ ಫಲವನ್ನು ವ್ಯಕ್ತಿಯ ಬೆಲೆಯಾಗಿಸುವುದನ್ನು ಅದು ಒಪ್ಪುವುದಿಲ್ಲ. ಇಲಿ, ಕಿಟಕಿ, ಕನ್ನಡಿ, ಗುಹೆ ಮೊದಲಾದ ಸಂಕೇತಗಳೆಲ್ಲ ಈ ನಿಲುವಿಗೆ ಪೂರಕವಾಗಿವೆ. ಇವೆಲ್ಲವನ್ನೂ ಓದುಗನ ಅನುಭವವಾಗಿಸುವುದು ತಪ್ಪು ಕಾಗುಣಿತದ ಬರಹ. ಪರೀಕ್ಷೆಯ ಅಂಕಗಳಿಂದ ಮಕ್ಕಳನ್ನು ಅಳೆಯುವುದೇ ರೂಢಿಯಾಗಿರುವ ಕಡೆ, ಉತ್ತರಪತ್ರಿಕೆಗಳ ಕಾಗುಣಿತ ತಿದ್ದುವುದೇ ವೃತ್ತಿಯಾಗಿರುವ ಭಾಷಾ ಅಧ್ಯಾಪಕರಿಗೆ ಈ ಕಾದಂಬರಿ ವಿಶೇಷವಾಗಿ ಪ್ರಸ್ತುತವಾಗುತ್ತದೆ. ತಪ್ಪನ್ನು ತಿದ್ದುವುದಕ್ಕೂ ತಪ್ಪು ಬರೆದವನನ್ನು ನೋಡಿ ನಗುವುದಕ್ಕೂ ಇರುವ ಅಂತರವನ್ನು ಅದು ಚಾರ್ಲಿಯ ಹದಿನೇಳು ವರದಿಗಳ ಮೂಲಕ ನಿಚ್ಚಳಗೊಳಿಸುತ್ತದೆ.